ವೈನಿಯ ತಲೆಯೊಳಗಿನ ಗೆರೆಗಳು

ಎಂಬತ್ತರ ದಶಕದ ಕೊನೆ. ನಾನು ಅಥಣಿಯಲ್ಲಿ ಪಿಯುಸಿ ಸೈನ್ಸ್ ಓದುತ್ತಿದ್ದೆ. ಅಣ್ಣನ ಮದುವೆಯಾಗಿ ಐಗಳಿಯ ನಮ್ಮ ಮನೆಗೆ ವೈನಿ ಬಂದಳು. ನನಗಿಂತ ಸ್ವಲ್ಪವೇ ದೊಡ್ಡವಳು. ರೊಟ್ಟಿ ಬಡಿಯುತ್ತಿದ್ದಾಗ ಒಮ್ಮೊಮ್ಮೆ ಅವಳ ಕೈ ನಿಂತುಬಿಡುತ್ತಿತ್ತು. ಕಣ್ಣು ತೆರೆದೇ ಇದ್ದರೂ ಕೂಗಿದರೆ ಉತ್ತರವಿಲ್ಲ. ಆಮೇಲೆ ಏನೂ ಆಗದವಳಂತೆ ಮತ್ತೆ ಬಡಿಯುತ್ತಿದ್ದಳು.

“ಕರದ್ರ ಓ ಅನ್ನಂಗಿಲ್ಲ. ಸೊಕ್ಕ ಐತಿ ಅಕಿಗೆ,” ಎಂದು ಅವ್ವ ಸಿಟ್ಟಾಗುತ್ತಿದ್ದಳು.

“ನನಗ ಕೇಳಸೇ ಇಲ್ರಿ ಅತ್ತಿ,” ಎಂದು ವೈನಿ ಕಣ್ಣೀರು ಹಾಕುತ್ತಿದ್ದಳು.

ಒಂದು ದಿನ ಹಾಗೆಯೇ ಮೈಮರೆತು ಕಾದ ಹಂಚಿನ ಮೇಲೆ ಕೈ ಇಟ್ಟುಬಿಟ್ಟಳು. ಸುಟ್ಟ ಕೈ ನೋಡಿ, ನಡೆದದ್ದನ್ನೆಲ್ಲ ಕೇಳಿದ ಡಾಕ್ಟರು ಮಿರಜಿನಲ್ಲಿ ಮೆದುಳಿನ ಪರೀಕ್ಷೆ ಮಾಡಿಸಲು ಹೇಳಿದರು. ಅವ್ವ, ವೈನಿ, ನಾನು ಕಾಗವಾಡದ ಮೇಲೆ ಹೋಗುವ ಬಸ್ಸು ಹತ್ತಿದೆವು.

ಅಲ್ಲಿನ ತಂತ್ರಜ್ಞ ವೈನಿಯ ಕೂದಲು ಅಲ್ಲಲ್ಲಿ ಬಿಡಿಸಿ, ಅಂಟು ಹಚ್ಚಿ, ನೆತ್ತಿಯ ತುಂಬ ವೈರು ಕೂರಿಸಿದ. ಪಕ್ಕದ ಯಂತ್ರದಲ್ಲಿ ಸಾಲಾಗಿ ಪೆನ್ನುಗಳು, ಕೆಳಗೆ ಓಡುವ ಕಾಗದ.

“ತಾಯಿ, ಡೋಳೆ ಮುಚ್ರಿ,” ಎಂದ ಮರಾಠಿ ಬೆರೆಸಿ.

ವೈನಿ ಕಣ್ಣು ಮುಚ್ಚಿದಳು. ಗೆರೆಗಳು ಅಲೆಯಲೆಯಾಗಿ ಎದ್ದವು. ತೆರೆದೊಡನೆ ಅಡಗಿದವು. ಮೆದುಳಿನ ಚಿತ್ರ ಬರೆದು ಭಾಗ ಗುರುತಿಸುವುದಷ್ಟೇ ಗೊತ್ತಿದ್ದ ನನಗೆ ಮೈ ಜುಮ್ಮೆಂದಿತು. ಅದು ನನ್ನೆದುರಿಗೇ ಕೆಲಸ ಮಾಡುತ್ತಿತ್ತು.

“ವೈನಿ, ನೀ ಕಣ್ಣ ಮುಚ್ಚಿದ್ರ ಗೆರಿ ಕುಣೀತಾವು, ತೆರದ್ರ ಸುಮ್ಮನಾಗತಾವು,” ಎಂದೆ.

“ಹೌದೇನ? ತಡಿ, ಮತ್ತೊಮ್ಮೆ ನೋಡು,” ಎಂದು ಅವಳು ಮತ್ತೆ ಕಣ್ಣು ಮುಚ್ಚಿದಳು. ತಂತ್ರಜ್ಞನೂ ನಕ್ಕ.

ಬಳಿಕ ಜೋರಾಗಿ ಉಸಿರಾಡಲು ಹೇಳಿದ. ತುಸು ಹೊತ್ತಿನಲ್ಲಿ ಪೆನ್ನುಗಳೆಲ್ಲ ಒಟ್ಟಿಗೆ ಜಿಗಿದು, ಕಾಗದದ ತುಂಬ ಚೂಪಾದ ಶಿಖರಗಳನ್ನು ಬರೆಯತೊಡಗಿದವು. ವೈನಿಯ ಜೋರುಸಿರು ನಿಂತಿತ್ತು, ನೋಟ ಒಂದೇ ಕಡೆ ನೆಟ್ಟಿತ್ತು. ಅವ್ವ ಗಾಬರಿಯಿಂದ ಅವಳನ್ನು ಕರೆದಳು.

“ಥಾಂಬಾ. ಈಗ ಅವರಿಗೆ ಕೇಳೂದಿಲ್ರಿ,” ಎಂದು ಅವ್ವನನ್ನು ತಡೆದ ತಂತ್ರಜ್ಞ, ಗೆರೆಗಳತ್ತ ಬೆರಳು ತೋರಿಸಿ.

ಪೆನ್ನುಗಳು ಶಾಂತವಾದವು. “ಉಸರ ಇನ್ನೂ ಜೋರ್ ತಗೀಲೇನ್ರಿ?” ಎಂದು ಕೇಳಿದಳು ವೈನಿ.

ಅವ್ವ ಕಾಗದ ನೋಡಿದಳು, ಸೊಸೆಯ ಮುಖ ನೋಡಿದಳು. ಅವಳ ಸುಟ್ಟ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡು, “ನೀ ಬೇಕಂತ ಮಾಡಿದ್ದಲ್ಲವಾ ಇದು,” ಎಂದಳು.

ಇದೂ ಒಂದು ಬಗೆಯ ಮೂರ್ಛೆರೋಗವೆಂದು ಹೇಳಿ ಡಾಕ್ಟರು ಕೊಟ್ಟ ಗುಳಿಗೆಗಳನ್ನು ಅವ್ವ ತಾನೇ ನೆನಪಿಟ್ಟು ಕೊಡುತ್ತಿದ್ದಳು. ಆ ಮೈಮರೆವು ಕಡಿಮೆಯಾಗುತ್ತ ಬಂದು, ಕೊನೆಗೆ ನಿಂತೇಹೋಯಿತು.

ಅಂದು ಮಿರಜಿನಿಂದ ಮರಳುವ ಬಸ್ಸಿನಲ್ಲಿ ನಾನು ನರ, ವಿದ್ಯುತ್ತು, ಸಂದೇಶ ಎಂದು ದಾರಿಯುದ್ದಕ್ಕೂ ಮಾತಾಡಿದೆ. ವೈನಿ ಕೂದಲಿನ ಅಂಟು ಬಿಡಿಸಿಕೊಳ್ಳುತ್ತ, “ನನ್ನ ತಲ್ಯಾಗ ಇಷ್ಟೆಲ್ಲಾ ನಡದಿರತೈತಿ ಅಂತ ನನಗೇ ಗೊತ್ತಿರಲಿಲ್ಲ ನೋಡು,” ಎಂದು ನಕ್ಕಳು.