ದೊರಸಾನಿ ಹುಲ್ಲು ಗುಡ್ಡಕ್ಕೆ ಹಾರಿದ್ದು

ಮೇಸ್ತ್ರಿಯ ಮುಂಗೈ ತುಂಬ ಗೀರುಗಳಿದ್ದವು. ಹಳೆಯವು ಬಿಳಿ, ಹೊಸವು ಕೆಂಪು, ಮೊಣಕೈವರೆಗೂ. ಬಂಗಲೆಗೆ ಮ್ಯಾನೇಜರಾಗಿ ಸೇರಿದ ಮೊದಲ ದಿನವೇ ನಾನು ಬಾಯಿ ತಡೆಯಲಾರದೆ ಬೆಕ್ಕು ಸಾಕಿದ್ದೀರಾ ಎಂದು ಕೇಳಿಬಿಟ್ಟೆ. ಮೇಸ್ತ್ರಿ ಗೇಟಿನ ಪಕ್ಕ ಆಳೆತ್ತರಕ್ಕೆ ನಿಂತಿದ್ದ ಪಂಪಾಸ್ ಹುಲ್ಲಿನ ಪೊದೆ ತೋರಿಸಿ, "ಇಲ್ಲ ಅಮ್ಮಿ, ದೊರಸಾನಿ ಸಾಕಿದ್ದೀನಿ" ಅಂದರು. ಅದರ ಎಲೆಯ ಅಂಚು ಗರಗಸವಿದ್ದಂತೆ ಎಂದು ಮುಟ್ಟಿದ ಮೇಲೆ ನನಗೂ ತಿಳಿಯಿತು.

ಕಟ್ಟಬೆಟ್ಟು ಊರಿನಿಂದ ಸ್ವಲ್ಪ ಮೇಲೆ, ಟೀ ತೋಟಗಳ ನಡುವೆ ಇರುವ ಆ ಹಳೆಯ ಬಂಗಲೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾರೆ. ಮೇಸ್ತ್ರಿ ಬಂಗಲೆಯ ಕೈತೋಟ ನೋಡಿಕೊಳ್ಳುತ್ತಿದ್ದರು, ಪಕ್ಕದ ಹಟ್ಟಿಯವರು. ಹೆಸರಿಗೆ ನಾನು ಮೇಲಿನವಳಾದರೂ ಹಟ್ಟಿಯ ಹುಡುಗಿಯರನ್ನು ಕರೆಯುವಂತೆ ನನ್ನನ್ನು ಅಮ್ಮಿ ಎಂದೇ ಕರೆದರು. ನನಗದು ಮೊದಲು ಮುಜುಗರವಾಯಿತು. ಆಮೇಲೆ ಅವರು ಹಾಗೆ ಕರೆಯದ ದಿನ ಏನೋ ತಪ್ಪು ಮಾಡಿದ್ದೇನೆ ಎಂದು ಯೋಚಿಸುವಂತಾಯಿತು.

ಪಂಪಾಸ್ ಪೊದೆಗಳನ್ನು ಯಾವುದೋ ಕಾಲದಲ್ಲಿ ಯಾರೋ ಬಿಳಿಯರು ನೆಟ್ಟಿದ್ದರಂತೆ. ಅವುಗಳ ಮಗ್ಗುಲಲ್ಲೇ ಮೇಸ್ತ್ರಿ ಎದುರಿನ ಗುಡ್ಡದಿಂದ ನಮ್ಮ ನೆಲದ ಹುಲ್ಲಿನ ಬುಡಗಳನ್ನು ತಂದು ಬೆಳೆಸಿದ್ದರು. ಬಂದವರೆಲ್ಲ ಬೆಳ್ಳಗಿನ ತೆನೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಪಕ್ಕದ ಕಳೆ ಯಾಕೆ ಕಿತ್ತಿಲ್ಲ ಎಂದು ಕೇಳುತ್ತಿದ್ದರು. ಮೇಸ್ತ್ರಿಗೆ ಸಿಟ್ಟು ಬರುತ್ತಿರಲಿಲ್ಲ. ಹಿಮ ಬೀಳುವ ತಿಂಗಳಲ್ಲಿ ಬನ್ನಿ, ಆಗ ಅದು ತಾಮ್ರದ ಬಣ್ಣಕ್ಕೆ ತಿರುಗುತ್ತೆ ಎಂದು ಹೇಳಿ ಕಳಿಸುತ್ತಿದ್ದರು. ದೊರಸಾನಿಯ ಮೇಲೂ ಅವರಿಗೆ ದ್ವೇಷವಿರಲಿಲ್ಲ. ಜೂನ್ ತಿಂಗಳ ಗಾಳಿಗೆ ಮುರಿಯದಂತೆ ಹಗ್ಗ ಕಟ್ಟುವುದು, ಒಣಗಿದ ಎಲೆ ಬಿಡಿಸುವುದು, ಎಲ್ಲವನ್ನೂ ಬರಿಗೈಯಲ್ಲೇ ಮಾಡುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವರು ಮಹಾ ಹಟಮಾರಿ. ಮಳೆ ಹಿಂದಾದ ಮೇಲೆ ದೊರಸಾನಿಯ ತೆನೆಗಳು ಬಿಚ್ಚಿ ಇನ್ನೇನು ಉದುರಬೇಕು ಅನ್ನುವಾಗ, ಒಂದೇ ದಿನದಲ್ಲಿ ಅಷ್ಟನ್ನೂ ಕೊಯ್ದು ಗುಂಡಿಯಲ್ಲಿ ಹೂಳುತ್ತಿದ್ದರು. ನೋಡುವವರಿಗೆ ಹೊಟ್ಟೆ ಉರಿಯಬೇಕು, ಅದು ಚೆಂದವಾಗಿ ಕಾಣುವುದೇ ಆಗ. ಆದರೆ ಅವುಗಳ ಬೀಜ ಗಾಳಿಗೆ ಹಾರುತ್ತದೆ, ಕಣಿವೆಯಾಚೆ ಆ ಗುಡ್ಡವಿದೆ. ಸುತ್ತಲಿನ ಬೆಟ್ಟಗಳೆಲ್ಲ ಟೀ ತೋಟವಾಗಿ, ಉಳಿದಿರುವ ಹುಲ್ಲುಗುಡ್ಡ ಅದೊಂದೇ. ಅವರ ಹಟ್ಟಿಯ ಪುಟ್ಟ ಗುಡಿಗೆ ಶೀಟೂ ಹಾಕುವುದಿಲ್ಲ, ಹೆಂಚೂ ಹೊದಿಸುವುದಿಲ್ಲ. ವರ್ಷ ವರ್ಷವೂ ಆ ಗುಡ್ಡದ ಹುಲ್ಲೇ ಆಗಬೇಕು.

ಇದೆಲ್ಲ ಗೊತ್ತಿದ್ದೂ ನಾನು ಆ ತಪ್ಪು ಮಾಡಿದೆ. ಮದುವೆಯ ಫೋಟೋ ತೆಗೆಸಲು ಬರಲಿದ್ದವರೊಬ್ಬರು ತೆನೆಗಳು ಇನ್ನೊಂದು ವಾರ ಇರಲಿ ಎಂದು ಕೇಳಿಕೊಂಡರು. ಆಗಲಿ ಎಂದು ಒಪ್ಪಿಕೊಂಡೆ. ಕುಡುಗೋಲು ಹಿಡಿದು ಬಂದಿದ್ದ ಮೇಸ್ತ್ರಿಯನ್ನು ವಾಪಸು ಕಳಿಸಿದೆ. ಅವರು ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು.

"ಅಮ್ಮಿ, ಗಾಳಿಗೂ ಒಂದು ವಾರ ಲೀವು ಕೊಟ್ಟಿದ್ದೀಯಾ?"

ಮೂರನೆಯ ದಿನ ಗಾಳಿ ಬೀಸಿತು. ಫೋಟೋದವರು ಬರುವಷ್ಟರಲ್ಲಿ ತೆನೆಗಳು ಅರ್ಧ ಬೋಳಾಗಿದ್ದವು.

ಮರುವರ್ಷ ಮೇಸ್ತ್ರಿ ರಜೆಯ ದಿನವೆಲ್ಲ ಗುದ್ದಲಿ ಹಿಡಿದು, ಹಾರಿ ಮೊಳೆತ ದೊರಸಾನಿಯನ್ನು ಕೀಳಲು ಗುಡ್ಡಕ್ಕೆ ಹೋಗುತ್ತಿದ್ದಾರೆ ಎಂದು ಅಡುಗೆಯಾಕೆ ಹೇಳಿದಳು. ನನಗೆ ಒಂದು ಮಾತೂ ಹೇಳಿರಲಿಲ್ಲ. ನಾಚಿಕೆಯಿಂದ ಮುಂದಿನ ಭಾನುವಾರ ನಾನೂ ಹಿಂದೆ ಹೊರಟೆ. ಎಳೆಯದರಲ್ಲಿ ಎರಡು ಹುಲ್ಲೂ ಒಂದೇ ಥರ ಕಾಣುತ್ತವೆ. ಎಲೆಯ ಅಂಚಿನ ಮೇಲೆ ಬೆರಳು ಎಳೆದು ನೋಡಬೇಕು. "ನಮ್ಮದು ಬಿಡುತ್ತೆ, ದೊರಸಾನಿ ಹಿಡೀತಾಳೆ" ಎಂದು ತೋರಿಸಿಕೊಟ್ಟು ಅವರು ಮೇಲಿನ ಇಳಿಜಾರಿಗೆ ಹೋದರು.

ಬೆಳಗಿನ ಚಳಿಗೆ ನನ್ನ ಬೆರಳು ಮರಗಟ್ಟಿದ್ದವು. ಉಣ್ಣೆಯ ಗ್ಲೌಸು ಹಾಕಿಕೊಂಡೆ. ಎಲ್ಲ ಎಲೆಯೂ ಗ್ಲೌಸಿನ ಎಳೆಗೆ ಸಿಕ್ಕಿಕೊಳ್ಳುವುದೇ, ನನಗೆ ಎಲ್ಲವೂ ದೊರಸಾನಿಯೇ. ಹುರುಪಿನಿಂದ ಒಂದು ಗೋಣಿ ತುಂಬಿಸಿದೆ. ಮೇಸ್ತ್ರಿ ಬಂದು ಅದನ್ನು ನೆಲಕ್ಕೆ ಸುರಿದು, ಒಂದೊಂದೇ ಬುಡ ಎತ್ತಿ ಬೆರಳು ಎಳೆಯುತ್ತಾ ಎರಡು ಗುಡ್ಡೆ ಮಾಡಿದರು. ನಮ್ಮ ಹುಲ್ಲಿನ ಗುಡ್ಡೆಯೇ ದೊಡ್ಡದಾಯಿತು. ನನಗೆ ಅಳು ಬಂತು. ಅವರು ಬೈದಿದ್ದರೆ ಹಗುರಾಗುತ್ತಿತ್ತೇನೋ.

"ಗ್ಲೌಸು ತೆಗಿ ಅಮ್ಮಿ. ಚಳಿ ಆದ್ರೆ ಆಗಲಿ" ಅಂದರು, ಅಷ್ಟೇ. ಮಧ್ಯಾಹ್ನ ಇಳಿಯುವವರೆಗೆ ಇಬ್ಬರೂ ಕೂತು ನಮ್ಮ ಹುಲ್ಲಿನ ಬುಡಗಳನ್ನೆಲ್ಲ ಮತ್ತೆ ನೆಟ್ಟೆವು.

ಆಮೇಲೆ ಮೂರು ವರ್ಷ ನಮ್ಮ ಭಾನುವಾರಗಳು ಆ ಗುಡ್ಡದ ಮೇಲೇ ಕಳೆದವು. ನಾಲ್ಕನೆಯ ವರ್ಷ ಅವರಿಗೆ ಎದೆನೋವು ಬಂದು, ಏರು ಹತ್ತಬಾರದು ಎಂದರು ಡಾಕ್ಟರು. ಒಬ್ಬಳೇ ಹೋಗಿ ಬಂದೆ. ಎಷ್ಟು ಕಿತ್ತಿದ್ದೇನೆ ನೋಡಿ ಎಂದು ಜಂಬದಿಂದಲೇ ಚೀಲವನ್ನು ಅವರ ಮನೆಗೆ ಒಯ್ದೆ. ಅಂಗಳದ ಬಿಸಿಲಲ್ಲಿ ಕಂಬಳಿ ಹೊದ್ದು ಕೂತಿದ್ದ ಮೇಸ್ತ್ರಿ ಚೀಲದೊಳಗೆ ಕೈಹಾಕಿ ಒಂದೊಂದನ್ನೇ ಮುಟ್ಟುತ್ತಾ ಹೋದರು. ಒಂದು ಬುಡವನ್ನು ಹೊರಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಇದು ನಮ್ಮದು. ಎಲ್ಲಿ ಕಿತ್ತೆ, ನೆನಪಿದೆಯಾ?"

ಇದೆ ಎಂದೆ. ಇರಲಿಲ್ಲ. ಹಾಗಾದರೆ ಅಲ್ಲೇ ನೆಟ್ಟುಬಿಡು ಎಂದು ನನ್ನ ಕೈಗೆ ಕೊಟ್ಟರು. ಆ ವಾರದಲ್ಲೇ ತೀರಿಕೊಂಡರು.

ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದ ಆ ಬುಡವನ್ನು ಮೇಸ್ತ್ರಿಯ ಮಣ್ಣಾದ ಮರುದಿನ ಗುಡ್ಡಕ್ಕೆ ಒಯ್ದೆ. ಕಿತ್ತ ಜಾಗಕ್ಕಾಗಿ ಬೆಳಗಿನಿಂದ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಒಂದು ಬಂಡೆಯ ಪಕ್ಕ ಹೊಸದಾಗಿ ಅಗೆದು ನೆಟ್ಟೆ. ಅವರಿಗೆ ಸುಳ್ಳು ಹೇಳಿದೆನಲ್ಲ ಎನ್ನುವುದು ಈಗಲೂ ಚುಚ್ಚುತ್ತದೆ.

ಈ ವರ್ಷ ಗುಡಿಗೆ ಹುಲ್ಲು ಕೊಯ್ಯಲು ಹಟ್ಟಿಯ ಗಂಡಸರು ಗುಡ್ಡ ಹತ್ತಿದರು. ಮೇಸ್ತ್ರಿಯ ಮಗನೂ ಇದ್ದರು. ನಾನು ಕೆಳಗೆ ದಾರಿಯಲ್ಲಿ ನಿಂತು ನೋಡುತ್ತಿದ್ದೆ. ಮಗ ಆ ಬಂಡೆಯ ಹತ್ತಿರ ಬಗ್ಗಿ, ಪಕ್ಕದ ಬುಡಗಳ ಜೊತೆಗೇ ನಾನು ನೆಟ್ಟದ್ದನ್ನೂ ಒಂದು ಹಿಡಿ ಕೊಯ್ದು ಹೊರೆಗೆ ಸೇರಿಸಿಕೊಂಡರು.