ಅಡುಗೆಮನೆಯವರೆಗೆ ಬಂದು ಕೇಳಿದವರು

ದೇವರು ಮನುಷ್ಯರ ಜೊತೆ ಮಾತಾಡುತ್ತಾನೆ ಎಂಬುದನ್ನು ನಾನು ನಂಬಿದವನಲ್ಲ. ಹುಟ್ಟಿದ್ದು ಕ್ರೈಸ್ತರ ಮನೆಯಲ್ಲೇ, ಭಾನುವಾರದ ಆರಾಧನೆ ತಪ್ಪಿಸಿದ್ದೂ ಕಡಿಮೆ. ಆದರೂ ಸತ್ಯವೇದದ ಮೊದಲ ಪುಟಗಳಲ್ಲೇ ನನಗೊಂದು ತಕರಾರಿತ್ತು. ಎಲ್ಲವನ್ನೂ ಬಲ್ಲ ದೇವರು, ತೋಟದಲ್ಲಿ ಅವಿತ ಆದಾಮನನ್ನು ಎಲ್ಲಿದ್ದೀಯ ಎಂದು ಕೂಗುತ್ತಾನೆ. ತಮ್ಮನನ್ನು ಕೊಂದು ಬಂದ ಕಾಯಿನನನ್ನು, ನಿನ್ನ ತಮ್ಮ ಎಲ್ಲಿ ಎಂದು ವಿಚಾರಿಸುತ್ತಾನೆ. ಗೊತ್ತಿದ್ದವನು ಯಾಕೆ ಕೇಳಬೇಕು?

ನಾನು ಮೇಟಗಳ್ಳಿಯ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ ಕೆಲಸ ಮಾಡಿ ನಿವೃತ್ತನಾದವನು. ಕೆಲಸಗಾರನೊಬ್ಬನ ಊಟದ ಡಬ್ಬಿಯಲ್ಲಿ ತಾಮ್ರದ ತಂತಿ ಹೋಗುತ್ತಿದೆ ಎಂದು ಮೊದಲೇ ಸುಳಿವು ಸಿಕ್ಕಿದ್ದರೂ, "ಡಬ್ಬೀಲಿ ಏನಪ್ಪ?" ಎಂದು ಏನೂ ಅರಿಯದವನ ಹಾಗೆ ಕೇಳುತ್ತಿದ್ದೆ. ಅವನು ಸುಳ್ಳು ಹೇಳಲಿ, ಸಿಕ್ಕಿಬೀಳಲಿ ಎಂದು. ದೇವರ ಪ್ರಶ್ನೆಗಳೂ ಅಂಥವೇ ಎಂದುಕೊಂಡಿದ್ದೆ. ಅದೂ ಹೋಗಲಿ, ಅವೆಲ್ಲ ಯಾವುದೋ ಕಾಲದ ಕಥೆಗಳು.

ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿ ಸುಗುಣಳಿಗೆ ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಯಿತು. ಮಾತು ನಿಧಾನವಾಯಿತು, ತಲೆ ಮಾತ್ರ ಮೊದಲಿನಷ್ಟೇ ಚುರುಕು. ನಮಗೆ ಮಕ್ಕಳಿಲ್ಲ. ಹೂಟಗಳ್ಳಿಯ ಆ ಎರಡು ಕೋಣೆಯ ಮನೆಯಲ್ಲಿ ಅವಳ ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಬೆನ್ನಿನ ಹುಣ್ಣಿಗೆ ಔಷಧಿ ಹಚ್ಚುವುದು ಎಲ್ಲ ನನ್ನದೇ. ಪಕ್ಕದ ಮನೆಯ ರತ್ನಮ್ಮ ಆಗಾಗ ಬಂದು ತಲೆ ಬಾಚಿ ಹೋಗುತ್ತಿದ್ದಳು. ನೋಡುವವರು ನನ್ನನ್ನು ಬಹಳ ಹೊಗಳುತ್ತಿದ್ದರು. ಹೊಗಳಿದಷ್ಟೂ ಒಳಗೆ ಸಿಟ್ಟು ಬರುತ್ತಿತ್ತು.

ಒಂದು ಸಂಜೆ ನಮ್ಮ ಚರ್ಚಿನ ಸಭಾಪಾಲಕರು, ನಾವು ಅಯ್ಯನವರು ಎನ್ನುವವರು, ಮನೆ ಭೇಟಿಗೆ ಬರುವವರಿದ್ದರು. ನಾನು ಬಾಗಿಲು ಮುಂದಕ್ಕೆಳೆದು ಹಾಲು ತರಲು ಅಂಗಡಿಗೆ ಹೋದೆ. ಮರಳುವ ಹೊತ್ತಿಗೆ ಅವರು ಬಂದು ಕೂತಿದ್ದರು. ಜೊತೆಗೆ ಸಭೆಯ ಹಿರಿಯರೊಬ್ಬರು. ಇನ್ನೊಬ್ಬರು, ನಾನು ಕಂಡಿರದವರು, ಚೌಕಳಿ ಅಂಗಿಯ ನಡುವಯಸ್ಸಿನ ಮನುಷ್ಯ, ಸುಗುಣಳ ಮಂಚದ ಪಕ್ಕದ ಸ್ಟೂಲಿನ ಮೇಲಿದ್ದರು. ಜೀವನವಿಡೀ ಹೋಗಿ ಬರುವವರ ಹೆಸರು, ಊರು ಕೇಳಿದವನು ನಾನು. ಅವತ್ತು ಕೇಳಲಿಲ್ಲ. ಅಯ್ಯನವರ ಜೊತೆ ಬಂದವರನ್ನು ನೀವು ಯಾರು ಎಂದು ಕೇಳುವುದು ಮರ್ಯಾದೆಯಲ್ಲ. ಎಷ್ಟು ಜನ ಬಂದಿದ್ದಾರೋ ಅಷ್ಟು ಲೋಟ ಕಾಫಿ ಇಡಬೇಕು, ಅಷ್ಟೆ.

ನಾನು ಒಲೆಯ ಮುಂದೆ ನಿಂತಿದ್ದಾಗ ಅಯ್ಯನವರು ಅಬ್ರಹಾಮನ ಗುಡಾರಕ್ಕೆ ದೇವರು ಮೂವರು ಅತಿಥಿಗಳ ರೂಪದಲ್ಲಿ ಬಂದ ಭಾಗವನ್ನು ಓದುತ್ತಿದ್ದರು. ಅವನ ಮುದಿ ಹೆಂಡತಿ ಸಾರಳಿಗೆ ಮಗುವಾಗುತ್ತದೆ ಎಂದಾಗ ಅವಳು ಗುಡಾರದ ಒಳಗೆ, ತನ್ನ ಮನಸ್ಸಿನಲ್ಲೇ ನಗುತ್ತಾಳೆ. ಯಾಕೆ ನಕ್ಕಳು ಎಂದು ದೇವರು ಕೇಳುತ್ತಾನೆ. ಅವಳು ಹೆದರಿ, ನಾನು ನಗಲಿಲ್ಲ ಎನ್ನುತ್ತಾಳೆ. ಇಲ್ಲ, ನೀನು ನಕ್ಕೆ ಎನ್ನುತ್ತಾನೆ. ಆಮೇಲೆ ಅಯ್ಯನವರು, ದೇವರಿಗೆ ಅಸಾಧ್ಯವಾದದ್ದಿಲ್ಲ, ಈ ಸಹೋದರಿ ಎದ್ದು ನಡೆದಾಡುವಂತಾಗಲಿ ಎಂದು ಪ್ರಾರ್ಥನೆ ಶುರು ಮಾಡಿದರು.

ಆಗ ನನ್ನ ಮನಸ್ಸಿಗೆ ಬಂದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಎದ್ದು ನಡೆಯುವುದೂ ಬೇಡ, ಏನೂ ಬೇಡ, ಬೇಗ ಹೋಗಿಬಿಡಲಿ. ಅಷ್ಟೇ. ನನ್ನ ತುಟಿ ಅಲುಗಲಿಲ್ಲ. ಬೆನ್ನು ಬಾಗಿಲ ಕಡೆಗಿತ್ತು.

ಕಾಫಿ ಕುಡಿದ ಮೇಲೆ ಆ ಚೌಕಳಿ ಅಂಗಿಯವರು ಖಾಲಿ ಲೋಟ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಲೋಟವನ್ನು ಸಿಂಕಿನಲ್ಲಿಟ್ಟು ಮೆಲ್ಲಗೆ ಕೇಳಿದರು.

"ಯಾಕೆ ಯಜಮಾನ್ರೇ, ಹಂಗಂದ್ಕೊಂಡ್ರಿ?"

"ಹೆಂಗೆ?"

"ಅವರು ಬೇಗ ಹೋಗ್ಲಿ ಅಂತ."

"ನಾನೇನೂ ಅಂದ್ಕೊಳ್ಳಲಿಲ್ಲಪ್ಪ."

"ಇಲ್ಲ, ಅಂದ್ಕೊಂಡ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ, ಹಿಡಿದೆ ಎಂಬ ಹೆಮ್ಮೆಯೂ ಇರಲಿಲ್ಲ. ಇನ್ನೂ ಏನೋ ಕೇಳಿಸಿಕೊಳ್ಳುವವರ ಹಾಗೆ ಸ್ವಲ್ಪ ಹೊತ್ತು ನಿಂತರು. ನಾನು ನಲ್ಲಿ ತಿರುಗಿಸಿ ಲೋಟ ತೊಳೆಯತೊಡಗಿದೆ. ತಿರುಗಿ ನೋಡುವಷ್ಟರಲ್ಲಿ ಹೊರಟುಹೋಗಿದ್ದರು.

ನನಗೆ ಮೊದಲು ಬಂದದ್ದು ಭಯವಲ್ಲ, ಅನುಮಾನ. ಯಾರೋ ಹೇಳಿಕೊಟ್ಟಿದ್ದಾರೆ. ಬಟ್ಟೆ ಒಗೆಯುವಾಗ ನಾನೇ ಗೊಣಗಿರಬೇಕು, ರತ್ನಮ್ಮ ಕೇಳಿಸಿಕೊಂಡಿರಬೇಕು. ಮರುದಿನ ಅವಳನ್ನು ಕಾಂಪೌಂಡಿನ ಹತ್ತಿರವೇ ತಡೆದು, ನಮ್ಮನೆ ವಿಷಯ ಯಾರಿಗೆ ಏನು ಹೇಳಿದೆ ಎಂದು ದಬಾಯಿಸಿದೆ.

"ಅಯ್ಯೋ, ನಿಮ್ಮನೆ ವಿಷ್ಯ ನಂಗೇನ್ರೀ ಗೊತ್ತು?" ಎಂದಳು. "ಇಷ್ಟು ವರ್ಷ ಪಕ್ಕದಲ್ಲಿದೀನಿ, ನಿಮಗೆ ಸಕ್ಕರೆ ಕಾಯಿಲೆ ಇರೋದೇ ಮೊನ್ನೆ ಗೊತ್ತಾಗಿದ್ದು. ನೀವು ಗೊಣಗೋದಿರ್ಲಿ, ಸೀನೋದೂ ಆಚೆಗೆ ಕೇಳ್ಸಲ್ಲ ಕಣ್ರೀ!"

ಭಾನುವಾರ ಆರಾಧನೆ ಮುಗಿದ ಮೇಲೆ ಅಯ್ಯನವರನ್ನು ಹಿಡಿದೆ. "ಅವತ್ತು ಯಾರನ್ನ ಕರ್ಕೊಂಡ್ಬಂದಿದ್ರಿ ಅಯ್ಯನೋರೇ? ಅವರ ಮಾತು ನನಗೆ ಹಿಡಿಸಲಿಲ್ಲ."

ಅವರು ಹುಬ್ಬೇರಿಸಿದರು. "ನಿಮ್ಮ ಕಡೆಯವರಲ್ವಾ? ನಾವು ಬರೋ ಹೊತ್ತಿಗೇ ಅವರು ಅಮ್ಮನ ಪಕ್ಕ ಕೂತಿದ್ರಲ್ಲ!"

ಮನೆಗೆ ಬಂದವನೇ ಬೀರು ತೆಗೆದು ನೋಡಿದೆ. ಸುಗುಣಳ ಬಳೆಗಳಿದ್ದವು, ಎಲ್ಲ ಇತ್ತು. ಕಳ್ಳನಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಕೊನೆಗೆ ಸುಗುಣಳನ್ನೇ ಕೇಳಿದೆ. ಅವಳು ಒಂದೊಂದೇ ಮಾತು ಜೋಡಿಸಿ ಹೇಳಿದಳು. "ನೀವು ಹಾಲಿಗೆ ಹೋದಾಗ ಬಂದ್ರು. ಅಯ್ಯನೋರು ಮುಂದೆ ಕಳಿಸಿದಾರೆ ಅಂದ್ಕೊಂಡೆ. ಬೇಗ ಹೋಗ್ಬೇಕು ಅಂತ ಯಾಕಮ್ಮ ಅಂದ್ಕೊತೀಯ ಅಂತ ಕೇಳಿದ್ರು."

"ನೀನೇನಂದೆ?"

"ಹೌದು, ಅಂದ್ಕೊತೀನಿ ಅಂದೆ. ನಿಮಗೆ ಕಷ್ಟ ಆಗ್ತಿದೆ ಅಂದೆ. ಬೈತಾರೆ ಅಂದ್ಕೊಂಡಿದ್ದೆ. ಈ ಸತ್ತ ಕೈ ಹಿಡ್ಕೊಂಡು ಕೂತ್ಕೊಂಡ್ರು." ಅವಳೇ ಕೇಳಿದಳು. "ನಿಮ್ಮನ್ನೇನು ಕೇಳಿದ್ರು?"

"ನನ್ನನ್ನಾ? ಏನೂ ಇಲ್ಲ. ಲೋಟ ಇಡಕ್ಕೆ ಬಂದಿದ್ರು."

ಅವಳು ನನ್ನ ಮುಖವನ್ನೇ ನೋಡಿದಳು. "ಸರಿ ಬಿಡಿ," ಎಂದಳು. ಆಮೇಲೆ ಗೋಡೆಯ ಕಡೆಗೆ ಮಗ್ಗುಲು ತಿರುಗಿಸಲು ಹೇಳಿದಳು.

ಓದುವವರಿಗೆ ಇದಕ್ಕೆ ಉತ್ತರಗಳು ಹೊಳೆಯಬಹುದು. ನನಗೂ ಹೊಳೆದಿವೆ. ಹಾಸಿಗೆ ಹಿಡಿದವರ ಮನೆಗೆ ಹೋಗಿ ಯಾರಿಗೆ ಈ ಪ್ರಶ್ನೆ ಹಾಕಿದರೂ ತಾಕುತ್ತದೆ. ಸಾರಳ ಕಥೆ ಕೇಳಿದ ಚಾಲಾಕಿ ಮನುಷ್ಯ ಅದನ್ನೇ ನನ್ನ ಮೇಲೆ ಪ್ರಯೋಗಿಸಿರಬಹುದು. ಆದರೆ ಅವನು ಸುಗುಣಳನ್ನು ಕೇಳಿದಾಗ ಇನ್ನೂ ಯಾರೂ ಪುಸ್ತಕ ತೆರೆದಿರಲಿಲ್ಲ. ಅದೂ ಅಲ್ಲದೆ, ಏನೂ ಕೇಳದೆ, ಏನೂ ಒಯ್ಯದೆ ಹೋದವನಿಗೆ ಇದರಿಂದ ಲಾಭವೇನು? ಈಗಲೂ ಬಸ್ಸಿನಲ್ಲಿ ಚೌಕಳಿ ಅಂಗಿ ಕಂಡರೆ ಎದ್ದು ಮುಂದೆ ಹೋಗಿ ಮುಖ ನೋಡಿ ಬರುತ್ತೇನೆ. ಸಿಕ್ಕರೆ ಏನು ಕೇಳುತ್ತೇನೋ ಗೊತ್ತಿಲ್ಲ.

ಸುಗುಣ ಆ ವರ್ಷ ದಾಟಲಿಲ್ಲ. ಅಲ್ಲಿಯವರೆಗೆ ದಿನವೂ ನನ್ನ ಕೈಯಿಂದಲೇ ಗಂಜಿ ಕುಡಿದಳು. ಪ್ರತಿ ಚಮಚದ ನಡುವೆಯೂ ಹೇಳಬಹುದಿತ್ತು. ನಾನೂ ಹಾಗೇ ಅಂದುಕೊಂಡಿದ್ದೆ ಕಣೇ, ನನಗೂ ಸಾಕಾಗಿತ್ತು ಎಂದಿದ್ದರೆ ಅವಳು ಬೈಯುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಹೇಳಲಿಲ್ಲ. ಆ ಮನುಷ್ಯ ಯಾರೆಂಬುದು ತಿಳಿಯದೆಯೇ ನಾನು ಸತ್ತೇನು, ಇರಲಿ. ನಿಮ್ಮನ್ನೇನು ಕೇಳಿದ್ರು ಎಂದು ಅವಳು ಕೇಳಿದಳಲ್ಲ, ಅದನ್ನು ಗೊತ್ತಿಲ್ಲದೆ ಕೇಳಿದಳೋ, ಗೊತ್ತಿದ್ದೂ ಕೇಳಿದಳೋ, ಅದು ತಿಳಿಯದಿರುವುದನ್ನೇ ನನ್ನಿಂದ ತಡೆಯಲಾಗುತ್ತಿಲ್ಲ.