ತೀರ ಕಾಯುವ ಗೆರ್ಲಿಂಡೆ

ಟಕ್, ಟಕ್ ಎಂದು ಕೊಡತಿಯ ಸದ್ದು ಕೇಳಿದರೆ ಸಾಕು, ನನ್ನ ಹೆಂಡತಿ ಗೆರ್ಲಿಂಡೆ ಮರಳನ್ನು ಹಿಡಿದಿಡುವ ದಿಬ್ಬದ ಹುಲ್ಲಿಗೆ ಬೇಲಿಗೂಟ ಹೊಡೆಯುತ್ತಿದ್ದಾಳೆಂದು ರೋಸ್ಟಾಕ್ ನಗರದಿಂದ ಬೆತ್ತಲೆ ಈಜುವವರ ಈ ಕಡಲತೀರಕ್ಕೆ ಬಂದವರಿಗೆಲ್ಲ ಗೊತ್ತಾಗುತ್ತದೆ. ತಲೆಯ ಮೇಲೊಂದು ಹುಲ್ಲಿನ ಟೋಪಿ ಬಿಟ್ಟರೆ ಅವಳ ಮೈಮೇಲೆ ಮತ್ತೇನೂ ಇರುವುದಿಲ್ಲ. ಈ ತೀರವನ್ನು ತಾನೇ ಹೆತ್ತವಳಂತೆ ಕಾಯುತ್ತಾಳೆ. ಚಡ್ಡಿ ಹಾಕಿಕೊಂಡು ಬಂದವರನ್ನು, "ಏನಪ್ಪಾ, ಚಳಿಜ್ವರವಾ? ಬಿಚ್ಚು, ಇಲ್ಲಾಂದ್ರೆ ಆ ಕಡೆ ನಡಿ" ಎಂದು ಗದರುತ್ತಾಳೆ. ಬಾಟಲಿ ಬಿಸಾಡಿದವರು ಅವಳಿಗೆ ಹೆದರಿ ಕೊರೆಯುವ ನೀರಿಗೇ ಇಳಿಯುತ್ತಾರೆ. ಅಲೆಗಳು ಮರಳು ಕೊಚ್ಚಿಕೊಂಡು ಹೋದ ದಿನ ಅವಳಿಗೆ ಊಟ ಸೇರುವುದಿಲ್ಲ. ನಾನು ಜ್ವರದಿಂದ ಮಲಗಿದ ದಿನ ಚೆನ್ನಾಗಿಯೇ ಸೇರುತ್ತದೆ. ಈ ತೀರವನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ವೈದ್ಯರು ಒಂದು ಸ್ತನವನ್ನು ತೆಗೆದ ಮೇಲೆ ಮನೆಯಲ್ಲಿ ಅವಳು ಬಾಗಿಲು ಹಾಕಿಕೊಂಡೇ ಬಟ್ಟೆ ಬದಲಿಸುತ್ತಾಳೆ. ಇಲ್ಲಿ ಆ ಗಾಯದ ಗೆರೆಯನ್ನು ಗಾಳಿಗೂ ಬಿಸಿಲಿಗೂ ಹಾದುಹೋಗುವವರಿಗೂ ಬಿಟ್ಟುಕೊಟ್ಟಿದ್ದಾಳೆ. "ನನಗಿಂತ ಇವರೇ ನಿನಗೆ ಹತ್ತಿರದವರಾ?" ಎಂದು ಇವತ್ತು ಕೇಳಿಯೇಬಿಟ್ಟೆ. ಅವಳು ಕೊಡತಿ ಕೆಳಗಿಟ್ಟಳು. "ಇಲ್ಲಿ ಯಾರೂ ನನ್ನ ನೋಡಿ ಅಯ್ಯೋ ಅನ್ನಲ್ಲ ಮಾರಾಯ. ನೀನೂ ಅನ್ನಲ್ಲ, ಆದ್ರೆ ನಿನ್ನ ಕಣ್ಣು..." ಎನ್ನುವಷ್ಟರಲ್ಲಿ ದೂರದಲ್ಲಿ ಯಾರೋ ಬೆಂಕಿ ಹೊತ್ತಿಸುವುದು ಕಂಡು, "ಏಯ್, ಆರಿಸ್ರೋ ಅದನ್ನ!" ಎಂದು ಕೂಗುತ್ತ ಹೊರಟೇಹೋದಳು.